ನೀಲದ ಗೀರು

ಕೊಲಂಬೊದ ಪಂಚಿಕಾವತ್ತೆಯಲ್ಲಿ ಹಳೆಯ ಕಾರಿನ ಸಾಮಾನು ಮಾರುವವರಿಗೆ ಬರವಿಲ್ಲ. ಆದರೆ ಮೋರಿಸ್ ಮೈನರ್ ಎಂದು ಬಾಯಿ ತೆರೆದರೆ ಸಾಕು, ಇಡೀ ಬೀದಿ ನಜೀರ್ ನಾನಾರ ಅಂಗಡಿಯತ್ತ ಕೈ ತೋರಿಸುತ್ತಿತ್ತು. ಕಂಡವರ ಮೋರಿಸ್‌ಗಳನ್ನೆಲ್ಲ ಬಿಚ್ಚಿ ಮಾರಿ ಹೊಟ್ಟೆ ಹೊರೆದ ಈ ಮನುಷ್ಯ, ಹಿತ್ತಲಿನ ತಗಡಿನ ಚಪ್ಪರದಡಿ ನಿಂತಿದ್ದ ತನ್ನ ಬೂದು ಮೋರಿಸ್‌ನ ಒಂದು ತಿರುಪನ್ನೂ ಮಾರಿರಲಿಲ್ಲ. ಅದರ ಎಂಜಿನ್ ಸತ್ತು ಯಾವುದೋ ಕಾಲವಾಗಿತ್ತು. ಹೆಂಡತಿ ಜರೀನಾ ತೀರಿಕೊಂಡ ಮೇಲೆ ನಾನಾ ಸಂಜೆಯ ಚಹಾ ಕುಡಿಯುತ್ತಿದ್ದುದು ಅದರೊಳಗೆ ಕೂತೇ.

"ಪೆಟ್ರೋಲಿಲ್ದೆ ಎಲ್ಲಿಗ್ ನಾನಾ ಸವಾರಿ?" ಎಂದು ಪಕ್ಕದ ಟೈರಿನಂಗಡಿಯವನು ಕೆಣಕುತ್ತಿದ್ದ.

"ನಿನ್ ಮಾವನ ಮನೇಗೆ. ಇಂಥ ಅಳಿಯನ್ನ ಹೇಗಪ್ಪಾ ಸಹಿಸ್ಕೊಂಡಿದ್ದೀರಿ ಅಂತ ಕೇಳ್ಕೊಂಡ್ ಬರೋಣ ಅಂತ."

ಆ ದಿನ ಮಧ್ಯಾಹ್ನ ಗಂಪಹದ ಪಿಯತಿಲಕ, ಹೆಂಡತಿ ಕುಸುಮಲತಾಳನ್ನು ಕೂರಿಸಿಕೊಂಡು, ಮುಂಗಾಜೇ ಇಲ್ಲದ ಹಸಿರು ಮೋರಿಸ್ ಓಡಿಸಿಕೊಂಡು ಬಂದ. ಇಬ್ಬರ ತಲೆಯೂ ಹಕ್ಕಿಗೂಡಾಗಿತ್ತು.

"ಹಲಸಿನ ಮರದ ಕೆಳಗೆ ನಿಲ್ಸ್ಬೇಡಿ ಅಂತ ಬಡ್ಕೊಂಡೆ ನಾನಾ. ಹಣ್ಣು ನೆಟ್ಟಗೆ ಗಾಜಿನ ಮೇಲೇ ಬಿತ್ತು," ಎಂದಳು ಕುಸುಮಲತಾ.

"ಹಣ್ಣಾದ್ರೂ ಸಿಹಿಯಾಗಿತ್ತಾ?"

"ನಗ್ಬೇಡಿ. ನಾಡಿದ್ದು ಮಗಳ ಮದುವೆ. ನಾನು ಮದುಮಗಳಾಗಿ ಬಂದಿದ್ದು ಇದೇ ಕಾರಲ್ಲಿ. ಅವಳೂ ಇದ್ರಲ್ಲೇ ಹೋಗ್ಬೇಕು ಅಂತ ಹಟ ಹಿಡಿದು ಕೂತಿದ್ದಾಳೆ."

ಅಂಗಡಿಯಲ್ಲಿ ಒಂದು ಗಾಜಿತ್ತು. ನಾನಾ ಅದರ ಅಂಚಿಗೆ ರಬ್ಬರ್ ತೊಡಿಸಿ, ರಬ್ಬರಿನ ಸಂದಿಯಲ್ಲಿ ಸುತ್ತಲೂ ದಾರ ಕೂರಿಸಿ, ಸೋಪಿನ ನೀರು ಸವರಿದರು. ಹೊರಗಿನಿಂದ ಪಿಯತಿಲಕ ಅಂಗೈಯಲ್ಲಿ ಒತ್ತಬೇಕು, ಒಳಗಿನಿಂದ ನಾನಾ ದಾರ ಎಳೆಯುತ್ತ ಬರಬೇಕು, ಆಗ ರಬ್ಬರ್ ಚೌಕಟ್ಟನ್ನು ಕಚ್ಚಿಕೊಳ್ಳುತ್ತದೆ. ಮುಕ್ಕಾಲು ಭಾಗ ಸಲೀಸಾಗಿ ಬಂತು. ಕೊನೆಯ ಮೂಲೆಯಲ್ಲಿ ನಾನಾ ದಾರವನ್ನು ತುಸು ಜೋರಾಗಿ ಜಗ್ಗಿದರು. ಗಾಜು ಠಪ್ಪೆಂದು ಸಿಡಿದು ಕಲ್ಲುಸಕ್ಕರೆಯಂತೆ ಉದುರಿತು.

ದಾರ ಪೂರ್ತಿ ಹೊರಬರುವ ತನಕ ಗಾಜು ಅಂಗಡಿಯವನದೇ ಎಂಬುದು ಆ ಬೀದಿಯ ಕಟ್ಟಳೆ. ಒಡೆದರೆ ಅವನೇ ಇನ್ನೊಂದು ತಂದು ಕೂರಿಸಬೇಕು. ನಾನಾ ಅಂಗಡಿ ಅಂಗಡಿ ಸುತ್ತಿ ಬಂದರು. ಎಲ್ಲರದೂ ಒಂದೇ ಉತ್ತರ: "ಮೋರಿಸ್ ಗಾಜಾ? ನಿಮ್ಮತ್ರಾನೇ ಇರ್ಬೇಕಲ್ಲ ನಾನಾ!"

ಇತ್ತಲ್ಲ. ಹಿತ್ತಲಲ್ಲಿ ಇತ್ತು.

ಚಪ್ಪರದಡಿ ನಿಂತು ನಾನಾ ಆ ಗಾಜನ್ನು ನೋಡಿದರು. ಜರೀನಾ ಬೇರುವಲದ ಹರಳು ವ್ಯಾಪಾರಿಗಳ ಮನೆಯ ಹುಡುಗಿ. ಹಳೇ ಕಬ್ಬಿಣದವನು ಕೊಟ್ಟ ಉಂಗುರದಲ್ಲಿರುವ ನೀಲದ ಹರಳು ಬರೀ ಬಣ್ಣದ ಗಾಜೇ ಇರಬೇಕೆಂದು ಅವಳ ಅಣ್ಣಂದಿರು ಮೂಗು ಮುರಿದಿದ್ದರು. ಮದುವೆಯಾದ ಹೊಸತರಲ್ಲಿ ಇಬ್ಬರೂ ಇದೇ ಕಾರಿನಲ್ಲಿ ಕ್ಯಾಂಡಿಗೆ ಹೊರಟಾಗ ಕಡುಗನ್ನಾವ ಘಾಟಿಯಲ್ಲಿ ಮಳೆ. ಒಳಗೆಲ್ಲ ಹಬೆ ಕಟ್ಟಿತ್ತು. ಅವಳು ಮುಂಗೈಯಲ್ಲಿ ಗಾಜು ಒರೆಸಿದಳು, ಉಂಗುರ ಕಿರ್ರೆಂದಿತು.

"ಅಯ್ಯೋ, ಗಾಜು ಹಾಳ್ಮಾಡ್ಬಿಟ್ಯಲ್ಲೇ!" ಎಂದು ನಾನಾ ಗದರಿದರು.

ಜರೀನಾ ಗೀರನ್ನು ನೋಡಿದಳು, ಉಂಗುರವನ್ನು ನೋಡಿದಳು, ಕಿಲಕಿಲ ನಕ್ಕಳು. "ಕಲ್ಲು ಅಸಲೀದೇ ಕಣ್ರೀ! ಬರೀ ಗಾಜಾಗಿದ್ರೆ ಗಾಜನ್ನ ಗೀರ್ತಿತ್ತಾ? ಅಣ್ಣಂಗೆ ತೋರಿಸ್ಬೇಕು, ಕಾರು ತಿರುಗ್ಸಿ." ನಾನಾ ನಿಜವಾಗಿಯೂ ತಿರುಗಿಸಿದ್ದರು. ಜೀವಮಾನದಲ್ಲಿ ಅಂಥ ಖುಷಿ ಅವರಿಗೆ ಮತ್ತೆ ಆಗಿರಲಿಲ್ಲ.

ಈಗ ಹೊರಗೆ ಕುಸುಮಲತಾ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನಾ ಗಾಜು ಬಿಡಿಸಿಕೊಳ್ಳಲು ಬೂದು ಮೋರಿಸ್‌ನ ರಬ್ಬರಿನ ಅಂಚಿಗೆ ಸೋಪಿನ ನೀರು ಹಚ್ಚಿದರು.

ಈ ಸಲ ದಾರ ಪೂರ್ತಿ ಹೊರಬಂತು. ಪಿಯತಿಲಕ ಒಳಗೆ ಕೂತು ಬೆರಳಾಡಿಸಿದ. "ಗೀರಿದೆಯಲ್ಲ ನಾನಾ, ಅದೂ ಒಳಗಡೆ! ಇರ್ಲಿ ಬಿಡಿ, ಪಾಲಿಶ್ ಹಾಕ್ಸಿ ತೆಗೆಸ್ಬಿಡ್ತೀನಿ."

"ತೆಗೆಸ್ಬೇಡಿ ಸ್ವಾಮಿ," ಎಂದರು ನಾನಾ. "ಅದು ನಮ್ಮನೆಯವಳು ಹಾಕಿದ್ದು. ನಾನು ಕೊಟ್ಟ ನೀಲದಲ್ಲಿ."

ಪಿಯತಿಲಕ ಕೈ ಹಿಂತೆಗೆದುಕೊಂಡ. ಕುಸುಮಲತಾ ಬಾಗಿ ಗೀರನ್ನು ನೋಡಿ, "ಮಗಳಿಗೆ ಹೇಳ್ತೀನಿ ನಾನಾ. ಯಾರೂ ಮುಟ್ಟಲ್ಲ," ಎಂದಳು.

ಕಾರು ಮರದಾನೆ ರಸ್ತೆಯ ಕಡೆ ತಿರುಗುವಷ್ಟರಲ್ಲಿ ಮಳೆ ಹಿಡಿಯಿತು. ಸಂಜೆ ನಾನಾ ಎಂದಿನಂತೆ ಚಹಾ ಹಿಡಿದು ಬೂದು ಮೋರಿಸ್‌ನಲ್ಲಿ ಕೂತರು. ಟೈರಿನಂಗಡಿಯವನು ಬಂದು ಖಾಲಿ ಚೌಕಟ್ಟನ್ನು ನೋಡಿ, ಕೆಣಕಲು ತೆರೆದ ಬಾಯಿ ಮುಚ್ಚಿಕೊಂಡು ಹೋದ. ಇರಚಲು ಮುಖಕ್ಕೆ ಹೊಡೆಯುತ್ತಿತ್ತು. ಕಣ್ಣೆಲ್ಲ ಮಂಜಾಗಿ ಮುಂದಿನದೇನೂ ಕಾಣದೆ, ಗಾಜಿಗೆ ಹಬೆ ಕಟ್ಟಿದೆಯೆಂದು ನಾನಾ ಒರೆಸಲು ಕೈ ಚಾಚಿದರು. ಕೈ ನೇರವಾಗಿ ಹೊರಗೆ ಹೋಗಿ ಮಳೆಯಲ್ಲಿ ನೆನೆಯಿತು.