ಅಂಚಿನ ನೀಲಿ ಗುರುತು

ಏಳು ಸ್ವರಗಳ ಒಂದು ಸಾಲು, ಅದರ ಎಡ ಅಂಚಿನಲ್ಲಿ ನೀಲಿ ಪೆನ್ಸಿಲಿನ ಒಂದು ‘ಅ’. ಅಕ್ಷರದ ಬಾಲ ಕೆಳಗಿನ ಗೆರೆಯನ್ನು ದಾಟಿತ್ತು. ಮೊನ್ನೆ ಸಂಜೆ ಕೊರಿಯರ್‌ನಲ್ಲಿ ಬಂದ ಹಳೆಯ ರಿಜಿಸ್ಟರ್ ತೆರೆದಾಗ ನಾನು ಮೊದಲು ಹುಡುಕಿದ್ದು ಆ ಪುಟವನ್ನೇ. ಕಳಿಸಿದವಳು ಕೆಳಮನೆಯ ಅಂಕಲ್ ಮಗಳು. ಜೊತೆಗಿದ್ದ ಚೀಟಿಯಲ್ಲಿ ಹಿಂದಿಯ ಎರಡೇ ಸಾಲು: ಪಾಪಾ ಹೋಗಿ ಮೂರು ತಿಂಗಳಾಯಿತು, ಇದನ್ನು ನಮ್ಮ ಮನೆಯಲ್ಲಿ ಓದುವವರಿಲ್ಲ, ನೀನೇ ಇಟ್ಟುಕೋ.

ಐಎಎಸ್ ಪರೀಕ್ಷೆಯ ಕೋಚಿಂಗಿಗೆಂದು ದೆಹಲಿಗೆ ಬಂದ ವರ್ಷ ನಾನು ಓಲ್ಡ್ ರಾಜಿಂದರ್ ನಗರದಲ್ಲಿ ಅವರ ಮೇಲಿನ ಕೋಣೆಯಲ್ಲಿದ್ದೆ. ಅಂಕಲ್ ಮೈಸೂರಿನ ಕಡೆಯವರು, ಸಚಿವಾಲಯವೊಂದರಲ್ಲಿ ಗುಮಾಸ್ತರು. ಹೆಂಡತಿ ಪಂಜಾಬಿ. ಮನೆಯಲ್ಲಿ ನಡೆಯುತ್ತಿದ್ದುದು ಹಿಂದಿ. ಮಗಳಿಗೆ ಕನ್ನಡ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ.

ಆ ಗುಮಾಸ್ತರು ಹದಿಮೂರು ವರ್ಷ ಒಬ್ಬ ಹಿಂದಿ ಪಾಪ್ ಗಾಯಕನ ಜೊತೆ ಮೌತ್ ಆರ್ಗನ್ ನುಡಿಸಿದ್ದರು ಎಂಬುದು ನನಗೆ ತಿಳಿದದ್ದು ತಿಂಗಳುಗಳ ನಂತರ. ಹಾಡು ಬರೆದು ಹಾಡುವವನು ಗಾಯಕ. ಅವನಿಗೆ ಸ್ವರ ಬರೆಯಲು ಬಾರದು. ಅವನು ಗುನುಗುತ್ತಿದ್ದ, ಅಂಕಲ್ ಕನ್ನಡ ಲಿಪಿಯಲ್ಲಿ ಸರಿಗಮ ಬರೆದುಕೊಳ್ಳುತ್ತಿದ್ದರು, ಗಿಟಾರಿನವನಿಗೂ ಕೀಬೋರ್ಡಿನವನಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಪ್ರತಿ ಸಾಲಿನ ಪಕ್ಕದಲ್ಲೂ ಒಂದು ಗುರುತು: ಗಾಯಕನಿಗೆ ಹೊಳೆದದ್ದಾದರೆ ಅವನು ಎಂಬುದಕ್ಕೆ ‘ಅ’, ತಮಗೆ ಹೊಳೆದದ್ದಾದರೆ ‘ನಾ’. ಕಚೇರಿಯ ಅಭ್ಯಾಸ ಇರಬೇಕು...

ಎಲ್ಲಕ್ಕಿಂತ ಹೆಚ್ಚು ಓಡಿದ ಹಾಡು ಮೌತ್ ಆರ್ಗನ್ನಿನ ಏಳು ಸ್ವರಗಳಿಂದ ಶುರುವಾಗುತ್ತದೆ. ಅದು ತಮ್ಮದು ಎನ್ನುತ್ತಿದ್ದರು ಅಂಕಲ್. ಕ್ಯಾಸೆಟ್ಟಿನ ಮೇಲೆ ಸಂಗೀತ ಎಂಬಲ್ಲಿ ಗಾಯಕನ ಹೆಸರೊಂದೇ ಇತ್ತು. ಅಂಕಲ್ ಅಲ್ಲಿಗೆ ಅವನ ಬಳಗ ಬಿಟ್ಟರು. ಹನ್ನೆರಡು ವರ್ಷ ಮಾತಿಲ್ಲ. ರಿಜಿಸ್ಟರ್ ತೆರೆದು ನೋಡುವ ಅಗತ್ಯವೂ ಅವರಿಗೆ ಕಂಡಿರಲಿಲ್ಲ; ಅಷ್ಟು ಖಾತ್ರಿಯಿತ್ತು.

ದೀಪಾವಳಿಗೆ ಸ್ವಲ್ಪ ಮುಂಚೆ ಗಾಯಕನ ಫೋನ್ ಬಂತು. ಹಾಡಲು ಶುರುಮಾಡಿ ಇಪ್ಪತ್ತೈದು ವರ್ಷವಾಯಿತೆಂದು ಕಾರ್ಯಕ್ರಮವಿದೆ, ಹಳೆಯ ಹಾಡುಗಳ ಸ್ವರ ಬೇಕು, ನೀನೂ ಬಾ ಎಂದಿದ್ದನಂತೆ. ಬರುತ್ತೇನೆ, ಆ ಪುಟವನ್ನು ಎಲ್ಲರ ಮುಂದೆ ಓದಿಸುತ್ತೇನೆ ಎಂದರಂತೆ ಇವರು. ಆದರೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆ ಇನ್ನೂ ಒಂದು ತಿಂಗಳಿತ್ತು. ಪೆನ್ಸಿಲಿನ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ನನ್ನನ್ನು ಕರೆದರು.

ಹಾಡಿನ ಹೆಸರು ಸಿಕ್ಕಿತು. ಸ್ವರಗಳನ್ನು ಓದಿದೆ.

“ಪಕ್ಕದಲ್ಲಿ ಏನಿದೆ, ಹೇಳಮ್ಮ. ಇವಳೂ ಕೇಳಲಿ. ನಾನು ಬರೀ ಬಡಾಯಿ ಕೊಚ್ತೀನಿ ಅಂತಾಳೆ.”

ಮಗಳು ಬಾಗಿಲ ಬಳಿ ನಕ್ಕಳು.

‘ನಾ’ ಎಂದುಬಿಡಬಹುದಿತ್ತು. ಆ ಮನೆಯಲ್ಲಾಗಲಿ ಗಾಯಕನ ಬಳಗದಲ್ಲಾಗಲಿ ಬೇರೆ ಯಾರಿಗೂ ಕನ್ನಡ ಅಕ್ಷರ ಓದಲು ಬರುತ್ತಿರಲಿಲ್ಲ. ಇದನ್ನು ನಾನು ಆಗಲೇ ಯೋಚಿಸಿದ್ದೆ.

“ಅ ಅಂತಿದೆ, ಅಂಕಲ್.”

“ಸರಿಯಾಗಿ ನೋಡು.”

“ನೋಡ್ದೆ. ಅ.”

“ಪೆನ್ಸಿಲ್ ನೀಲೀನಾ?”

“ನೀಲಿ.”

“ಹಾಗಾದ್ರೆ ನಂದೇ ಕೈ.” ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಛೋಡೋ ಪಾಪಾ, ಇಷ್ಟು ವರ್ಷ ಆಯ್ತು,” ಎಂದಳು ಮಗಳು.

“ಅಚ್ಛಾ,” ಎಂದರು. ಆಮೇಲೆ, ಯಾರಿಗೆಂದಿಲ್ಲದೆ, “ಅವನ ತಾಯಿ ತೀರಿಕೊಂಡಾಗಲೂ ನಾನು ಹೋಗಲಿಲ್ಲ,” ಎಂದರು. ನಾನು ಎದ್ದು ಹೊರಟಾಗ ಮಾತ್ರ, “ಒಂದು ಸುಳ್ಳು ಹೇಳೋಕೂ ಬರಲ್ವಲ್ಲೇ ನಿಂಗೆ. ಆಫೀಸರ್ ಹೇಗಾಗ್ತೀಯ?” ಎಂದರು. ಸಿಟ್ಟಿರಲಿಲ್ಲ ಅನಿಸುತ್ತದೆ. ಇತ್ತೋ ಏನೋ...

ಮರುದಿನ ರಿಹರ್ಸಲ್‌ಗೆ ಹೋದರು. ಅಲ್ಲಿ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಕಾರ್ಯಕ್ರಮದಲ್ಲಿ ಗಾಯಕನ ಪಕ್ಕ ಕುರ್ಚಿಯಲ್ಲಿ ಕುಳಿತು ಆ ಏಳು ಸ್ವರಗಳನ್ನು ನುಡಿಸಿದರು. ನಾನು ಎರಡು ಸಲ ಪರೀಕ್ಷೆ ಬರೆದು, ಪಾಸಾಗದೆ, ಗುರ್‌ಗಾಂವ್‌ನಲ್ಲಿ ಕೆಲಸಕ್ಕೆ ಸೇರಿ ಹೌಜ್ ಖಾಸ್‌ಗೆ ಮನೆ ಬದಲಿಸಿದೆ. ಆಮೇಲೆ ಒಂದೇ ಸಲ ಅವರನ್ನು ನೋಡಲು ಹೋಗಿದ್ದು. ಮತ್ತೆ ಹೋಗಬಹುದಿತ್ತು, ಮೆಟ್ರೋ ಕೂಡ ಬಂದಿತ್ತು.

ಮೊನ್ನೆ ಆ ಪುಟದಲ್ಲಿ, ಸ್ವರಗಳ ಕೆಳಗೆ, ಮೊದಲು ಇಲ್ಲದಿದ್ದ ಒಂದು ಸಾಲು ಕಂಡಿತು. ಕಪ್ಪು ಶಾಯಿ, ನೇರವಾದ ಅಕ್ಷರ; ಕಣ್ಣಿನ ಆಪರೇಷನ್ ಆದಮೇಲೆ ಬರೆದದ್ದು. ‘ಹೊಳೆದದ್ದು ಅವನಿಗೆ. ನುಡಿಸಿದ್ದು ನಾನು. ಓದಿದ್ದು ಮೇಲ್ಮನೆ ಹುಡುಗಿ.’

ಮರುದಿನ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ, ಅವರ ಮಗಳಿಗೆಂದು, ಆ ಪುಟವನ್ನು ದೇವನಾಗರಿಯಲ್ಲಿ ನಕಲು ಮಾಡಿದೆ. ಸ್ವರಗಳನ್ನು ಬರೆದೆ, ಅಂಚಿನ ‘ಅ’ ಬರೆದೆ. ಕೊನೆಯ ಮೂರು ಪದಗಳನ್ನು ಬಿಟ್ಟುಬಿಡೋಣ ಎನಿಸಿತು. ಅವನ್ನೂ ಬರೆದೆ.