ಯಾವ ಕಾಯಿ ಮೊದಲು?

ತುರುವೇಕೆರೆ ಕಡೆಯ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಭಾರದ ವಸ್ತು, ಹಗುರದ ವಸ್ತು ಎರಡನ್ನೂ ಒಂದೇ ಎತ್ತರದಿಂದ ಬಿಟ್ಟರೆ ಒಟ್ಟಿಗೇ ನೆಲ ಮುಟ್ಟುತ್ತವೆ ಎಂದರೆ ಒಂಬತ್ತನೇ ಕ್ಲಾಸಿನ ಲತಾ ಒಪ್ಪಲೇ ಇಲ್ಲ.

"ಸುಳ್ಳು ಸಾ. ತೂಕದ್ದೇ ಮೊದ್ಲು ಬೀಳೋದು."

ನನಗೆ ರೇಗಿತು. ಇಡೀ ಕ್ಲಾಸನ್ನು ಪಕ್ಕದ ತೆಂಗಿನ ತೋಟಕ್ಕೆ ಹೊರಡಿಸಿದೆ. ಕಾಯಿ ಕೀಳುತ್ತಿದ್ದ ರಂಗಪ್ಪ ಒಂದು ತುಂಬಿದ ಎಳನೀರು, ಅಳಿಲು ಕೊರೆದು ಬರಿದು ಮಾಡಿದ ಅಷ್ಟೇ ಗಾತ್ರದ ಇನ್ನೊಂದು ಕಾಯಿ ಹಿಡಿದು ಮರದ ತುದಿಯಲ್ಲಿ ಕೂತ.

"ಬುಡ್ಲಾ ಸಾ?"

"ಬುಡಪ್ಪ!"

ಬಿಡುವ ಮುಂಚೆ ಅವನು ದಿನದ ಅಭ್ಯಾಸದಂತೆ ಕೂಗಿದ: "ಕಾಯ್ ಬತ್ತದೆ, ಓಡ್ರೋ!"

ಹುಟ್ಟಿದಾಗಿನಿಂದ ಆ ಕೂಗು ಕೇಳಿ ಬೆಳೆದ ಮಕ್ಕಳು ಮೇಲೆ ನೋಡದೆ ದಿಕ್ಕಾಪಾಲಾಗಿ ಓಡಿದರು. ಲತಾ ನನ್ನ ತೋಳು ಹಿಡಿದು ಎಳೆದಳು. "ಬನ್ನಿ ಸಾ, ತಲೆ ಒಡೆದೋಯ್ತದೆ!" ತಿರುಗಿ ನೋಡುವಷ್ಟರಲ್ಲಿ ಎರಡೂ ಕಾಯಿ ನೆಲದ ಮೇಲಿದ್ದವು.

ಅಂಥದೇ ಇನ್ನೊಂದು ಜೊತೆ ಕಾಯಿ ಬಿಡಲು ಹೇಳಿ, ಮಕ್ಕಳನ್ನು ದೂರದಲ್ಲಿ ನಿಲ್ಲಿಸಿ, ಯಾರೂ ಓಡಕೂಡದೆಂದು ಗದರಿದೆ. ಪಾಪ, ಒಬ್ಬರೂ ಓಡಲಿಲ್ಲ. ವಿಜ್ಞಾನದ ಪುಸ್ತಕವನ್ನು ತಲೆಗೆ ಅಡ್ಡ ಹಿಡಿದು, ಕಣ್ಣು ಮುಚ್ಚಿ ಕುಕ್ಕರುಗಾಲಲ್ಲಿ ಕೂತರು. ಅವರನ್ನು ನೋಡಿ ನಾನೂ ಕಣ್ಣು ಮುಚ್ಚಿ ಕೂತುಬಿಟ್ಟೆ.

ಕೊನೆಗೆ ಮೇಲಿದ್ದ ರಂಗಪ್ಪನನ್ನೇ ಕೇಳಿದೆ: "ಯಾವ್ದು ಮೊದ್ಲು ಬಿತ್ತಪ್ಪ?"

"ಮೂರನೇದು ನಾನಾಗ್ಬಾರ್ದು ಅಂತ ಗರಿ ತಬ್ಕೊಂಡು ಕಣ್ಮುಚ್ಕೊಂಡಿದ್ದೆ ಸಾ!"

ಪರೀಕ್ಷೆಯಲ್ಲಿ ಲತಾ ಬರೆದಿದ್ದಳು: "ಎರಡೂ ಒಟ್ಟಿಗೇ ಬೀಳುತ್ತವೆ. ನಮ್ಮ ಮೇಷ್ಟ್ರು ಕಣ್ಣಾರೆ ನೋಡಿದ್ದಾರೆ."

ಪೂರ್ತಿ ಅಂಕ ಕೊಡದೆ ಇನ್ನೇನು ಮಾಡಲಿ?