ಮಾತು ದಾಟಿಸಿದ ಮುಸರತ

ಹರಪನಹಳ್ಳಿಯಲ್ಲಿ ಮುಸರತ ಎಂಬ ಹೆಸರಿನವರು ಹಲವರಿದ್ದಾರೆ. ಆದರೆ ‘ಆಫ್ರಿಕಾ ಮುಸರತ’ ಎಂದು ಕೇಳಿದರೆ ಜನ ನೇರವಾಗಿ ಬಸ್ ನಿಲ್ದಾಣದ ಹಿಂದಿನ ಓಣಿಯ ಮೋಟಾರ್ ರಿವೈಂಡಿಂಗ್ ಅಂಗಡಿ ತೋರಿಸುತ್ತಾರೆ. ಅಂಗಡಿಯ ಅಬ್ದುಲ್ ಮಜೀದ ಅವಳ ತಂದೆ. ಸುತ್ತಲಿನ ಹಳ್ಳಿಗಳಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳು ಅವನ ಅಂಗಡಿಯ ಮುಂದೆ ಸಾಲಾಗಿ ಬಿದ್ದಿರುತ್ತವೆ.

ದಾವಣಗೆರೆ ರಸ್ತೆಯಲ್ಲಿ ಊರಾಚೆ ಒಂದು ಇಂಟರ್‌ನ್ಯಾಷನಲ್ ಶಾಲೆ ಶುರುವಾದಾಗ ಮಜೀದ ಅಲ್ಲಿನ ಪಂಪು ರಿಪೇರಿಗೆ ಹೋಗಿದ್ದ. ಊರಿನ ಮಕ್ಕಳಿಗೆ ಕೆಲವು ಸೀಟು ಉಚಿತ ಎಂದು ಅಲ್ಲಿಯೇ ಕೇಳಿಸಿಕೊಂಡು ಬಂದು, ಮಗಳನ್ನು ಪರೀಕ್ಷೆಗೆ ಕೂರಿಸಿದ. ಮುಸರತ ಆರನೆಯ ತರಗತಿಗೆ ಸೇರಿದಳು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮೂರನ್ನೂ ಅವಳು ಒಂದು ಕೊಡದಿಂದ ಇನ್ನೊಂದು ಕೊಡಕ್ಕೆ ನೀರು ಸುರಿದಂತೆ ಚೆಲ್ಲದೆ ಬದಲಾಯಿಸುತ್ತಿದ್ದಳು.

ಆ ಶಾಲೆ ಹತ್ತಾರು ದೇಶಗಳ ಶಾಲೆಗಳ ಒಂದು ಬಳಗಕ್ಕೆ ಸೇರಿತ್ತು. ಇಲ್ಲಿಯ ಮಕ್ಕಳು ಕೆಲವು ವಾರ ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ ಹೋಗಿ ಬರುತ್ತಿದ್ದರು. ಗಣಿತ ವಿಜ್ಞಾನದ ಹಾಗೆ ನಾಯಕತ್ವಕ್ಕೂ ಸಮಾಜ ಸೇವೆಗೂ ಅಲ್ಲಿ ಅಂಕವಿತ್ತು. ಹನ್ನೊಂದನೆಯ ತರಗತಿಯಲ್ಲಿ ಮುಸರತ ಕೀನ್ಯಾಕ್ಕೆ ಹೋದಳು. ಅಲ್ಲಿ ಒಂದು ಹಳ್ಳಿಯ ಶಾಲೆಯ ಕೈತೋಟಕ್ಕೆ ಬೇಲಿ ಹಾಕಿ, ಕೊನೆಯ ದಿನ ವೇದಿಕೆ ಹತ್ತಿ, ದನಿ ಇಲ್ಲದವರಿಗೆ ದನಿಯಾಗುವುದೇ ನಾಯಕತ್ವ ಎಂದು ಮಾತಾಡಿ ಚಪ್ಪಾಳೆ ಗಿಟ್ಟಿಸಿದಳು. ಆ ಮಾತನ್ನು ಅವಳು ಮನಸಾರೆ ನಂಬಿದ್ದಳು. ಮಜೀದ ಆ ವರ್ಷವಿಡೀ ಮೋಟಾರು ತಂದವರಿಗೆಲ್ಲ ಮಗಳ ಫೋಟೊ ತೋರಿಸಿದ.

ಡಿಗ್ರಿ ಮುಗಿಸಿದ ಮೇಲೆ ಅದೇ ಶಾಲೆ ಅವಳನ್ನು ಕೆಲಸಕ್ಕೆ ಕರೆಯಿತು. ಹೊರದೇಶದ ಮಕ್ಕಳು ಬಂದಾಗ ಅವರನ್ನು ಹಳ್ಳಿಗೆ ಕರೆದೊಯ್ಯುವುದು, ಜೊತೆಗಿದ್ದು ಎರಡೂ ಕಡೆಯ ಮಾತು ದಾಟಿಸುವುದು. ಅವಳು ಆರಿಸಿಕೊಂಡ ಹಳ್ಳಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ. ಪ್ರತಿ ಜನವರಿಯಲ್ಲಿ ಒಂದು ತಂಡ ಬರುತ್ತಿತ್ತು. ಊರಿನ ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಿತ್ತು, ಕೈ ತೊಳೆಯುವ ಕಟ್ಟೆ ಕಟ್ಟುತ್ತಿತ್ತು, ಮಕ್ಕಳ ಜೊತೆ ಇಂಗ್ಲಿಷ್ ಆಟ ಆಡುತ್ತಿತ್ತು. ಸಂಜೆ ಬೇವಿನ ಮರದ ಕೆಳಗೆ ಹುಡುಗಿಯರೆಲ್ಲ ಸುತ್ತ ಕೂತು ಮಾತಾಡುತ್ತಿದ್ದರು. ಮುಸರತ ನಡುವೆ ಕೂರುತ್ತಿದ್ದಳು. ಹೇಳಿದ್ದರಲ್ಲಿ ಒಂದು ಮಾತನ್ನೂ ಬಿಡದೆ ದಾಟಿಸುತ್ತೇನೆ ಎಂಬುದು ಅವಳ ಹೆಮ್ಮೆಯಾಗಿತ್ತು.

ಎರಡು ವರ್ಷದ ಹಿಂದಿನ ತಂಡದಲ್ಲಿ ನಾರ್ವೆಯ ಇಂಗ್ರಿಡ್ ಎಂಬ ಹುಡುಗಿ ಇದ್ದಳು. ಒಳ್ಳೆಯ ಹುಡುಗಿ. ಉಳಿದವರು ಬಿಸಿಲಿಗೆ ಮುಖ ಮುಚ್ಚಿಕೊಂಡರೆ ಅವಳು ಹುಡುಗಿಯರ ಜೊತೆ ಖೋಖೋ ಆಡಿ ಮೊಣಕಾಲು ತರಚಿಕೊಳ್ಳುತ್ತಿದ್ದಳು. ಅವಳನ್ನು ಎಲ್ಲರಿಗಿಂತ ಹೆಚ್ಚು ಹಚ್ಚಿಕೊಂಡವಳು ಮಾಲಾ. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಾಲಾ ಪಕ್ಕೀರಪ್ಪನ ಮಗಳು. ಪಕ್ಕೀರಪ್ಪ ತಂಬ್ರಹಳ್ಳಿಗೂ ಹಗರಿಬೊಮ್ಮನಹಳ್ಳಿಗೂ ನಡುವೆ ಟಂಟಂ ಆಟೊ ಓಡಿಸುತ್ತಿದ್ದ. ಬೆಳಿಗ್ಗೆ ಪೇಟೆಗೆ ಹೋಗುವವರಲ್ಲಿ ಅರ್ಧ ಊರು ಅವನ ಗಾಡಿಯನ್ನೇ ಹತ್ತುತ್ತಿತ್ತು.

ಒಂದು ಸಂಜೆ ಇಂಗ್ರಿಡ್ ಎಲ್ಲರಿಗೂ, ಮುಂದೆ ಏನಾಗಬೇಕು ಅಂತ ಅಂದುಕೊಂಡಿದ್ದೀರಿ ಎಂದು ಕೇಳಿದಳು. ಟೀಚರು, ಪೊಲೀಸು ಎಂದು ಉತ್ತರಗಳು ಬಂದವು. ಮಾಲಾ ಮಾತ್ರ ನೆಲ ಕೆದರುತ್ತಿದ್ದಳು. ಇಂಗ್ರಿಡ್ ಅವಳ ಕೈ ಹಿಡಿದು ಮತ್ತೆ ಕೇಳಿದಳು.

“ನರ್ಸ್ ಆಗ್ಬೇಕಂತ ಆಸಿ ಐತ್ರಿ ಅಕ್ಕಾ,” ಎಂದಳು ಮಾಲಾ, ಮುಸರತಳ ಕಡೆ ನೋಡಿ. “ಆದ್ರ ನಮ್ಮಪ್ಪ ಬ್ಯಾಸಿಗ್ಯಾಗ ನನ್ನ ಮದಿವಿ ಮಾಡ್ತಾನಂತ. ಕಾನಹೊಸಹಳ್ಳ್ಯಾಗ ನಮ್ಮ ಮಾವನ ಮಗ ಅದಾನ. ನನಗ ಒಲ್ಲೆ ಅನ್ನಾಕ ಧೈರ್ಯ ಇಲ್ರಿ. ಇದನ್ನ ಹೊರಗ ಯಾರ ಮುಂದೂ ಹೇಳಬ್ಯಾಡ್ರಿ ಮತ್ತ.”

ಮುಸರತ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು, ಕೊನೆಯ ಮಾತನ್ನೂ ಸೇರಿಸಿ. ಇಂಗ್ರಿಡ್‌ಳ ಕಣ್ಣು ತುಂಬಿದವು. ಖಂಡಿತ ಹೇಳುವುದಿಲ್ಲ ಎಂದು ತಲೆಯಾಡಿಸಿದಳು. ತಂಡದ ಒಬ್ಬ ಹುಡುಗ ದಿನವೂ ಎಲ್ಲವನ್ನೂ ಚಿತ್ರೀಕರಿಸುತ್ತಿದ್ದ. ಆ ಸಂಜೆಯೂ ಅವನ ಕ್ಯಾಮೆರಾ ನಡೆಯುತ್ತಲೇ ಇತ್ತು. ದಿನವೂ ನೋಡಿದ್ದರಿಂದ ಅದು ಯಾರ ಗಮನಕ್ಕೂ ಬರಲಿಲ್ಲ.

ತಂಡದವರು ತಮ್ಮ ದೇಶಗಳಿಗೆ ಮರಳಿದರು. ಶಾಲೆಗಳ ಬಳಗದ ವಾರ್ಷಿಕ ಸಮ್ಮೇಳನದಲ್ಲಿ ಇಂಗ್ರಿಡ್ ತನ್ನ ನಾಯಕತ್ವದ ಯೋಜನೆಯಾಗಿ ಒಂದು ಚಿಕ್ಕ ವಿಡಿಯೊ ತೋರಿಸಿದಳು. ಅದರಲ್ಲಿ ಮಾಲಾಳ ಹೆಸರಿರಲಿಲ್ಲ. ಮುಖವನ್ನು ಮಸುಕು ಮಾಡಿದ್ದರು. ಹೆಸರು ಮುಖ ಎರಡೂ ಇಲ್ಲದಿದ್ದರೆ ಹೇಳಿದ ಹಾಗಾಗುವುದಿಲ್ಲ ಎಂದು ಆ ಹುಡುಗಿ ಪ್ರಾಮಾಣಿಕವಾಗಿಯೇ ನಂಬಿದ್ದಳು. ಅದಕ್ಕೆ ಮೊದಲ ಬಹುಮಾನ ಬಂತು. ಹರಪನಹಳ್ಳಿಯ ಶಾಲೆಯಲ್ಲಿ ಪ್ರಚಾರದ ಕೆಲಸ ನೋಡುತ್ತಿದ್ದ ಪ್ರವೀಣಕುಮಾರ್ ಹಿಗ್ಗಿನಿಂದ ಅದನ್ನು ಶಾಲೆಯ ಫೇಸ್‌ಬುಕ್ಕಿಗೆ ಹಾಕಿದ.

ತಂಬ್ರಹಳ್ಳಿಯ ಫೋನುಗಳಿಗೆ ಅದು ಬಂದು ಮುಟ್ಟಲು ತಡವಾಗಲಿಲ್ಲ. ಮುಖ ಮಸುಕಾಗಿದ್ದರೇನು, ದನಿ ಮಾಲಾಳದು. ಬೇವಿನ ಮರ ಊರಿನದು. ‘ಕಾನಹೊಸಹಳ್ಳ್ಯಾಗ ನಮ್ಮ ಮಾವನ ಮಗ’ ಎಂದ ಮೇಲೆ ಉಳಿದದ್ದು ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ. ಪಕ್ಕೀರಪ್ಪನ ಟಂಟಂನಲ್ಲಿ ಹಿಂದೆ ಕೂತವರು ಅದನ್ನು ಫೋನಿನಲ್ಲಿ ಜೋರಾಗಿ ಹಚ್ಚಿದರು. ಅವನು ಗಾಡಿ ಓಡಿಸುತ್ತಲೇ ಮಗಳ ದನಿ ಕೇಳಿದ.

“ಏನ್ಲೇ ಪಕ್ಕೀರಪ್ಪ, ನಿನ್ನ ಮಗಳು ಪರದೇಶಕ್ಕೆಲ್ಲ ನಿನ್ನ ಹೆಸ್ರು ಮುಟ್ಟಿಸ್ಯಾಳಲ್ಲೋ,” ಎಂದ ಒಬ್ಬ. ಗಾಡಿ ತುಂಬ ನಗೆ ಎದ್ದಿತು.

ವಿಡಿಯೊ ನೋಡಿದವರು ಯಾರೋ ಮಕ್ಕಳ ಸಹಾಯವಾಣಿಗೆ ಫೋನು ಮಾಡಿದ್ದರು. ಅಧಿಕಾರಿಗಳು ಜೀಪಿನಲ್ಲಿ ಮನೆಗೆ ಬಂದರು. ಹದಿನೆಂಟು ತುಂಬುವ ಮೊದಲು ಮದುವೆ ಮಾಡಿದರೆ ಜೈಲು ಎಂದು ಎಚ್ಚರಿಸಿ, ಸಹಿ ಹಾಕಿಸಿಕೊಂಡು ಹೋದರು. ಅವರು ಮಾಡಬೇಕಾದದ್ದನ್ನೇ ಮಾಡಿದ್ದರು. ಆದರೆ ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು.

ಮರುದಿನದಿಂದ ಮಾಲಾ ಶಾಲೆಗೆ ಬರಲಿಲ್ಲ. ಸುದ್ದಿ ಕೇಳಿ ಮುಸರತ ಮೊದಲು ಪ್ರವೀಣಕುಮಾರನ ಹತ್ತಿರ ಓಡಿದಳು.

“ಹೆಸ್ರಿಲ್ಲ, ಮುಖ ಇಲ್ಲ. ಏನ್ ತಪ್ಪೈತ್ರಿ ಮೇಡಂ ಅದ್ರಾಗ?” ಎಂದ ಅವನು. “ಹುಡುಗಿಗೆ ಒಳ್ಳೇದೇ ಆತಲ್ಲ. ಅಧಿಕಾರಿಗಳು ಬಂದು ಮದಿವಿ ನಿಲ್ಲಿಸ್ಯಾರ.”

“ಸಾಲಿ ಬಿಡಿಸ್ಯಾರ್ರೀ ಅಕಿನ್ನ. ಮೊದ್ಲು ತೆಗೀರಿ ಅದನ್ನ.”

ಅವನು ತೆಗೆದ. ಅಷ್ಟರಲ್ಲಿ ಅದು ಎಷ್ಟು ಫೋನುಗಳಲ್ಲಿ ಉಳಿದಿತ್ತೋ ಯಾರಿಗೆ ಗೊತ್ತು.

ಮುಸರತ ಹಗರಿಬೊಮ್ಮನಹಳ್ಳಿ ಬಸ್ಸು ಹಿಡಿದು ತಂಬ್ರಹಳ್ಳಿಗೆ ಹೋದಳು. ಮನೆಯಲ್ಲಿ ಮಾಲಾ ಇರಲಿಲ್ಲ, ಪಕ್ಕೀರಪ್ಪನೂ ಇರಲಿಲ್ಲ. ತಾಯಿ ನಾಗಲಿಂಗಮ್ಮ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಮುಸರತ ಹೊಸ್ತಿಲ ಹತ್ತಿರವೇ ಕೂತಳು.

“ಮಾಲಾ ಎಲ್ಲಿ ಅದಾಳ್ರಿ ಅಮ್ಮಾ?”

“ಅವರಜ್ಜಿ ಊರಿಗೆ ಹೋಗ್ಯಾಳ,” ಎಂದಳು ನಾಗಲಿಂಗಮ್ಮ. ಮೊರದಲ್ಲಿ ಕೇರುವುದನ್ನು ನಿಲ್ಲಿಸಲಿಲ್ಲ.

“ಪರೀಕ್ಷೆ ಐತಲ್ರಿ…”

“ಯಾರ ಪರೀಕ್ಷೆ?” ಈಗ ಮೊರ ನಿಂತಿತು. “ನಿನಗ ಒಂದು ಮಾತು ಹೇಳ್ತೀನಿ ಯವ್ವ. ಇದನ್ನ ಯಾವ ಭಾಷಿಗೂ ತಿರುವಬ್ಯಾಡ. ನಮ್ಮಣ್ಣ ಎರಡು ವರ್ಷದಿಂದ ಹುಡುಗಿ ಕೊಡು, ಹುಡುಗಿ ಕೊಡು ಅಂತ ಬೆನ್ನು ಬಿದ್ದಿದ್ದ. ಒಮ್ಮೆ ದಿನ ಚಲೋ ಇಲ್ಲಂದೆ. ಒಮ್ಮೆ ಮನ್ಯಾಗ ಸೂತಕ ಅಂದೆ. ಒಮ್ಮೆ ನನಗ ಎದ್ದಾಡಾಕ ಆಗವಲ್ದು ಅಂತ ಹಾಸಿಗಿ ಹಿಡದೆ. ಹಂಗ ತಳ್ಕೊಂತ ತಳ್ಕೊಂತ ಬಂದಿದ್ನ್ಯವ್ವ. ಸಂಕ್ರಾಂತಿಗೆ ಅಣ್ಣ ಬಂದಾಗ, ಆತು ಬಿಡು, ಪಿಯುಸಿ ಓದ್ಲಿ, ಆಮ್ಯಾಲ ನೋಡೋಣ ಅಂದಿದ್ದ. ನನ್ನ ಗಂಡನ ಮುಂದೂ ಹೇಳಿದ್ದಿಲ್ಲ, ಮಗಳ ಮುಂದೂ ಹೇಳಿದ್ದಿಲ್ಲ. ಸಣ್ಣ ಹುಡುಗಿ, ಬಾಯಾಗ ಮಾತು ನಿಲ್ಲಂಗಿಲ್ಲಂತ.”

ನಾಗಲಿಂಗಮ್ಮ ಮೊರವನ್ನು ಕೆಳಗಿಟ್ಟಳು.

“ಜೀಪು ಬಂದ ಮರುದಿನ ಅಣ್ಣ ಬಂದ. ನನ್ನ ಮನಿತನದ ಮ್ಯಾಲ ಸರ್ಕಾರದೋರ್ನ ಬಿಟ್ಟಿಯಾ ಅಂದ. ನನ್ನ ಗಂಡನೂ, ಇನ್ನ ಈಕಿ ಮನ್ಯಾಗ ಇದ್ರ ನಾನು ಗಾಡಿ ಹೊರಗ ತೆಗ್ಯಾಕ ಆಗಂಗಿಲ್ಲ ಅಂದ. ಇಬ್ಬರೂ ಕೂಡಿ ಕರಕೊಂಡು ಹೋದ್ರು.” ಅವಳು ಮತ್ತೆ ಮೊರ ಎತ್ತಿಕೊಂಡಳು. “ನೀವು ಒಳ್ಳೇದು ಮಾಡಾಕ ಬಂದ್ರಿ. ನಾನು ಕೈಯಾಗ ಹಿಡಕೊಂಡಿದ್ದನ್ನ ಕೆಡವಿ ಹೋದ್ರಿ. ಹೊತ್ತಾತು, ನಿನಗ ಬಸ್ಸು ಸಿಗಂಗಿಲ್ಲ, ಹೋಗು.”

ಮುಸರತ ಸಹಾಯವಾಣಿಗೆ ತಾನೇ ಫೋನು ಮಾಡಿ, ಕಾನಹೊಸಹಳ್ಳಿಯ ಹೆಸರು ಹೇಳಿದಳು. ಅಧಿಕಾರಿಗಳು ಅಲ್ಲಿಗೂ ಹೋದರು. ಮದುವೆಯಾಗಿದೆ ಎನ್ನಲು ಫೋಟೊ ಇರಲಿಲ್ಲ, ಹಂದರ ಹಾಕಿರಲಿಲ್ಲ, ಊಟಕ್ಕೆ ಕರೆದಿರಲಿಲ್ಲ. ಅಜ್ಜಿಗೆ ಆರಾಮಿಲ್ಲ, ನೋಡಿಕೊಳ್ಳಲು ಬಂದಿದ್ದೇನೆ ಎಂದು ಮಾಲಾಳೇ ಹೇಳಿದಳಂತೆ. ಹುಡುಗಿಯೇ ಹಾಗೆ ಹೇಳಿದ ಮೇಲೆ ಅವರು ಎಚ್ಚರಿಕೆ ಕೊಟ್ಟು ತಿರುಗಿದರು.

ಎಸ್ಸೆಸ್ಸೆಲ್ಸಿ ಪರೀಕ್ಷೆಗಳು ಮುಗಿದ ವಾರ ಮುಸರತ ಕಾನಹೊಸಹಳ್ಳಿಯಲ್ಲಿ ಇಳಿದಳು. ಹೆದ್ದಾರಿಯ ಬದಿಗೆ ಮಾವನ ಪಂಕ್ಚರ್ ಅಂಗಡಿ, ಅದರ ಹಿಂದೆ ಮನೆ. ಮಾಲಾ ನಲ್ಲಿಯ ಹತ್ತಿರ ಕೊಡ ತುಂಬುತ್ತಿದ್ದಳು. ಸೀರೆ ಉಟ್ಟಿದ್ದಳು. ಕಾಲಲ್ಲಿ ಕಾಲುಂಗುರ ಇತ್ತು. ಮುಸರತಳನ್ನು ನೋಡಿದವಳೇ ಅಂಗಡಿಯ ಕಡೆ ತಿರುಗಿ ನೋಡಿದಳು.

“ಮಾಲಾ, ನನ್ನ ಜೋಡಿ ಬರ್ತೀಯೇನು? ಈಗಲೇ ಹೋಗೋಣ. ಓದಾಕ ಹಾಸ್ಟೆಲ್ ಐತಿ, ನಾನು ನೋಡ್ಕೊಂತೀನಿ.”

“ಬ್ಯಾಡ್ರಿ,” ಎಂದಳು ಮಾಲಾ ಮೆಲ್ಲಗೆ. “ನಾ ಬಂದ್ರ ನಮ್ಮವ್ವನ್ನ ಮನಿ ಬಿಡಿಸ್ತಾರ. ಈಗಾಗ್ಲೇ ಅಪ್ಪ ಅಕಿ ಜೋಡಿ ಮಾತಾಡಂಗಿಲ್ಲ. ನೀವು ಇಲ್ಲಿ ನಿಂತ್ರೂ ನನಗ ಕೇಳ್ತಾರ, ಯಾರು ಬಂದಿದ್ರು ಅಂತ. ಬಸ್ ಸ್ಟಾಂಡ್ ಯಾವ ಕಡೆ ಅಂತ ಕೇಳಿದ್ರು ಅಂತೀನಿ. ಆ ಕಡೆ ಹೋಗ್ರಿ.”

ಅವಳು ಕೈ ಚಾಚಿ ದಾರಿ ತೋರಿಸಿದಳು, ಅಂಗಡಿಯಲ್ಲಿದ್ದವರಿಗೆ ಕಾಣುವಂತೆ. ಮುಸರತ ಆ ಕಡೆ ನಡೆದಳು.

ಇಂಗ್ರಿಡ್‌ಗೆ ವಿಷಯ ತಿಳಿಸಲೇಬೇಕು ಎಂದು ಅವಳು ಒಮ್ಮೆ ವಿಡಿಯೊ ಕಾಲ್ ಮಾಡಿದಳು. ಆ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಚಂದಾ ಎತ್ತಲೇ, ಸಹಿ ಸಂಗ್ರಹಿಸಲೇ, ಇನ್ನೊಂದು ವಿಡಿಯೊ ಮಾಡಲೇ ಎಂದು ಕೇಳಿದಳು. ಏನೂ ಬೇಡ ಎಂದು ಮುಸರತ ಅವಳನ್ನೇ ಸಮಾಧಾನ ಮಾಡಬೇಕಾಯಿತು. ಕೆಲವು ತಿಂಗಳ ಮೇಲೆ ಇಂಗ್ರಿಡ್ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿದ ಸುದ್ದಿ ಶಾಲೆಗೆ ಬಂತು. ಆ ಬಹುಮಾನ ಅದಕ್ಕೆ ನೆರವಾಯಿತೋ ಇಲ್ಲವೋ, ಮುಸರತ ಕೇಳಲಿಲ್ಲ.

ಅವಳು ಊಟ ಕಡಿಮೆ ಮಾಡಿದ್ದು, ಮಾತು ನಿಲ್ಲಿಸಿದ್ದು ಮಜೀದನ ಕಣ್ಣಿಗೆ ಬೀಳದೆ ಇರಲಿಲ್ಲ. ಒಂದು ಮಧ್ಯಾಹ್ನ ಅಂಗಡಿಗೆ ಡಬ್ಬಿ ತಂದವಳನ್ನು ಎದುರಿಗೆ ಕೂರಿಸಿಕೊಂಡ.

“ಬಿಟ್ಟುಬಿಡು ಬೇಟಾ ಆ ಕೆಲಸ. ಬ್ಯಾರೆ ಸಾಲ್ಯಾಗ ಟೀಚರ್ ಆಗು.”

“ನಾ ಬಿಟ್ರ ಇನ್ನೊಬ್ಬರನ್ನ ತರ್ತಾರ ಅಬ್ಬಾ. ಅವರು ಕೇಳಿದ್ದೆಲ್ಲ ಹೇಳ್ತಾರ, ನಾ ಹೇಳಿದಂಗ.”

“ಮತ್ತ ನೀನು?”

“ನನಗ ಈಗ ಹೇಳದಂಗ ಇರಾಕ ಬರ್ತೈತಿ.”

ಮಜೀದ ಡಬ್ಬಿಯ ಮುಚ್ಚಳ ತೆಗೆದು ರೊಟ್ಟಿ ಮುರಿದ. ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಮಗಳ ಕೀನ್ಯಾದ ಫೋಟೊವನ್ನು ಗಿರಾಕಿಗಳಿಗೆ ತೋರಿಸುವುದನ್ನೂ ನಿಲ್ಲಿಸಿದ.

ಶಾಲೆ ಹೊಸ ನಿಯಮಗಳನ್ನು ಮಾಡಿತು. ಅನುಮತಿ ಇಲ್ಲದೆ ಚಿತ್ರೀಕರಣ ಇಲ್ಲ, ಖಾಸಗಿ ಪ್ರಶ್ನೆಗಳು ಇಲ್ಲ. ಮಾಲಾಗೆ ಅದರಿಂದ ಏನೂ ಆಗಲಿಲ್ಲ. ಹಗರಿಬೊಮ್ಮನಹಳ್ಳಿಯ ಸಂತೆಯಲ್ಲಿ ಒಮ್ಮೆ ನಾಗಲಿಂಗಮ್ಮ ಎದುರಿಗೆ ಸಿಕ್ಕಿದಳು. ಮುಸರತ ನಮಸ್ಕಾರ ಎಂದಳು. “ಮಗಳು ಬಸುರಿ,” ಎಂದಷ್ಟೇ ಹೇಳಿ ಅವಳು ಉಳ್ಳಾಗಡ್ಡಿ ಆರಿಸುವುದಕ್ಕೆ ಬಾಗಿದಳು.

ಈ ಜನವರಿಯಲ್ಲಿ ಮತ್ತೊಂದು ತಂಡ ಬಂತು. ಗೋಡೆಯ ಹಳೆಯ ಬಣ್ಣ ಕೆರೆದು ಹೊಸ ಬಣ್ಣ ಬಳಿಯತೊಡಗಿತು. ಸಂಜೆ ಮರದ ಕೆಳಗೆ ಬಂದು ಕೂತವರು ಐದನೆಯ, ಆರನೆಯ ತರಗತಿಯ ಮಕ್ಕಳಷ್ಟೇ. ತಂಡ ಬಂದ ದಿನಗಳಲ್ಲಿ ಬೆಳೆದ ಹುಡುಗಿಯರನ್ನು ತಾಯಂದಿರು ಈಗ ಮನೆಯಿಂದ ಕಳಿಸುವುದಿಲ್ಲ. ಬಂದವರಲ್ಲಿ ಒಬ್ಬ ಪುಟ್ಟ ಹುಡುಗಿ, ನಮ್ಮಕ್ಕ ದಿನಾ ಅಳ್ತಾಳ್ರಿ, ಸಾಲಿಗೆ ಬರಬೇಕಂತಾಳ ಎಂದಳು. ಆಕೆ ಹೇಳಿದ್ದೇನು ಎಂದು ತಂಡದ ಒಬ್ಬ ಪರದೇಶದ ಹುಡುಗಿ ಕೇಳಿದಳು.

ಅವಳಿಗೆ ಖೋಖೋ ಅಂದರೆ ಇಷ್ಟವಂತೆ ಎಂದಳು ಮುಸರತ.

ಪರದೇಶದ ಹುಡುಗಿ ಖುಷಿಯಿಂದ ನಕ್ಕು, ಇಲ್ಲಿ ದೊಡ್ಡ ಹುಡುಗಿಯರೇ ಇಲ್ಲವೇ ಎಂದು ವಿಚಾರಿಸಿದಳು.

ಮೆಣಸಿನಕಾಯಿ ಬಿಡಿಸುವ ಕಾಲ, ಎಲ್ಲರೂ ಹೊಲಕ್ಕೆ ಹೋಗಿದ್ದಾರೆ ಎಂದಳು ಮುಸರತ. ಆ ಹುಡುಗಿ ಅದನ್ನು ನಂಬಿ, ಬ್ರಷ್ಷು ತೊಳೆಯಲು ಎದ್ದು ಹೋದಳು.